ಗುಡ್ಡದ ಬುಡದಲ್ಲಿ ಬೆಳೆದ ಮಕ್ಕಳು



ಲೈನು ಮನೆಯಲ್ಲಿ ಹುಟ್ಟಿ ಬೆಳೆದವರ ಬಾಲ್ಯವು ಎಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ ತರಹದ್ದು. ಬೆಳಕು ಹರಿಯುವ ಮೊದಲೇ ಸೈರನ್ ಕೂಗುತ್ತದೆ. ಒಂದು ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಆಚೆ ಮನೆಯ ಅಜ್ಜ ರಾತ್ರಿಯೆಲ್ಲಾ ಕೆಮ್ಮಿದರೆ ಈಚೆ ಮನೆಯ ಮಕ್ಕಳಿಗೆ ನಿದ್ದೆ ಇಲ್ಲ. ಒಬ್ಬರ ಮನೆಯಲ್ಲಿ ಸಾರು ಕುದಿದರೆ ನಾಲ್ಕು ಮನೆಯ ಮಕ್ಕಳು ತಟ್ಟೆ ಹಿಡಿದು ಬರುತ್ತಾರೆ. ಅಪ್ಪನ ಹೆಸರು ಚೆಕ್‌ರೋಲಿನಲ್ಲಿ ಇರುವ ತನಕ ಮಾತ್ರ ತಲೆಯ ಮೇಲೆ ಸೂರು ಎಂಬುದನ್ನು ಮಗು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತದೆ.

ಇದನ್ನು ಓದಿ ನೀಲಗಿರಿಯ ಅಥವಾ ವಯನಾಡಿನ ಪಾಡಿಯ ವಿಷಯ ಎಂದು ನೀವು ತಿಳಿಯುವಿರಿ. ಆದರೆ ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನಲ್ಲಿ, ಕಲ್ಲಿದ್ದಲು ಗಣಿಗಳ ಕಣಿವೆಯಲ್ಲಿ ಬೆಳೆದ ವೃದ್ಧರೂ ತಮ್ಮ ಬಾಲ್ಯವನ್ನು ಹೇಳುವಾಗ ಬಹುಮಟ್ಟಿಗೆ ಇದನ್ನೇ ಹೇಳುತ್ತಾರೆ. ಗುಡ್ಡದ ಓರೆಯಲ್ಲಿ ಸಾಲುಸಾಲಾಗಿ ಮನೆಗಳು, ಕೆಳಗೆ ಗಣಿ, ಮೇಲೆ ಗಣಿಯ ಕಸದ ರಾಶಿ, ನಡುವೆ ಶಾಲೆ ಮತ್ತು ದೇವಾಲಯ. ದೂರದ ಆ ದೇಶದ ಮಾತು ನಮಗೇಕೆ ಎಂದು ಕೇಳಬಹುದು. ಆ ಗಣಿ ಕಾರ್ಮಿಕರು ನೆಲದಡಿಗೆ ಇಳಿಯುವಾಗ ಇಲಿಗಳು ಮುಟ್ಟದಂತೆ ತಗಡಿನ ಡಬ್ಬಿಯಲ್ಲಿ ರೊಟ್ಟಿಯನ್ನೂ, ತಗಡಿನ ಕುಪ್ಪಿಯಲ್ಲಿ ನೀರು ಅಥವಾ ತಣ್ಣಗಾದ ಚಹಾವನ್ನೂ ಒಯ್ಯುತ್ತಿದ್ದರು. ನಮ್ಮಂಥ ತೋಟಗಳ ತಾಯಂದಿರು ಕಿತ್ತ ಸೊಪ್ಪಿನ ಚಹಾ ಅದು. ಅವರಿಗೂ ನಮಗೂ ಅಷ್ಟು ಸಂಬಂಧವಿದೆ. ಅದಕ್ಕಿಂತ ಹೆಚ್ಚಿನ ಸಂಬಂಧ ಇನ್ನೊಂದಿದೆ. ಅದನ್ನು ಹೇಳಲಿಕ್ಕೇ ಈ ಲೇಖನ.

ಮೊದಲು ಸಿಹಿ ನೆನಪುಗಳನ್ನು ಹೇಳೋಣ. ಬಾಗಿಲಿಗೆ ಬೀಗ ಹಾಕದ ಬೀದಿ, ಭಾನುವಾರದ ಪಾಠಶಾಲೆ, ದೇವಾಲಯದಲ್ಲಿ ನಾಲ್ಕು ಸ್ವರದಲ್ಲಿ ಹಾಡುವ ಗಾಯಕ ತಂಡ, ಕಪ್ಪು ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಾ ಮನೆಗೆ ಬರುವ ಅಪ್ಪ, ಅವರ ಡಬ್ಬಿಯಲ್ಲಿ ಉಳಿದ ಒಂದು ಚೂರು ರೊಟ್ಟಿಗಾಗಿ ಮಕ್ಕಳ ಜಗಳ. ಗಣಿಯ ಕಸದ ರಾಶಿಯ ಮೇಲೆ ತಗಡಿನ ತುಂಡು ಇಟ್ಟು ಕುಳಿತು ಜಾರುವುದು ಆ ಮಕ್ಕಳ ಆಟ. ನಮ್ಮ ಮಕ್ಕಳು ಪಾಳೆಯ ಮೇಲೆ ಕುಳಿತು ತೋಟದ ಇಳಿಜಾರಿನಲ್ಲಿ ಜಾರುವುದಿಲ್ಲವೇ? ಅದೇ ಆಟ.

ಆದರೆ ಸಿಹಿ ನೆನಪಿನ ಹಿಂದೆ ಯಾರದೋ ಬೆವರು ಇರುತ್ತದೆ, ಮಗುವಿನ ಕಣ್ಣಿಗೆ ಅದು ಬೀಳುವುದಿಲ್ಲ. ಗಣಿಯ ಬಾಯಲ್ಲೇ ಸ್ನಾನದ ಮನೆಗಳು ಬರುವ ತನಕ ಕಾರ್ಮಿಕರು ಧೂಳು ಮೈಯಲ್ಲೇ ಮನೆಗೆ ಬರುತ್ತಿದ್ದರು. ಒಲೆಯ ಮುಂದೆ ತಗಡಿನ ತೊಟ್ಟಿ ಇಟ್ಟು, ನೀರು ಹೊತ್ತು, ಕಾಯಿಸಿ, ಸುರಿದು, ಮತ್ತೆ ಹೊರಗೆ ಚೆಲ್ಲುವ ಕೆಲಸವೆಲ್ಲಾ ತಾಯಿಯದು. ಗಂಡ ಒಂದು ಪಾಳಿ, ದೊಡ್ಡ ಮಗ ಇನ್ನೊಂದು ಪಾಳಿ ಆದರೆ ಆಕೆಗೆ ದಿನವಿಡೀ ಒಲೆಯ ಮುಂದೆಯೇ ಪಾಳಿ. ಆ ಭಾರ ಎತ್ತಿ ಗರ್ಭ ಕಳೆದುಕೊಂಡ ಹೆಂಗಸರಿದ್ದರು, ಕುದಿಯುವ ನೀರು ಬಿದ್ದು ಸತ್ತ ಮಕ್ಕಳಿದ್ದರು. ೧೯೨೦ರ ದಶಕದ ನಂತರ ಗಣಿಗಳಲ್ಲಿ ಸ್ನಾನದ ಮನೆಗಳು ಹೆಚ್ಚಿದ ಮೇಲೆಯೇ ಆ ತಾಯಂದಿರ ಬೆನ್ನಿಗೆ ಸ್ವಲ್ಪ ಬಿಡುವು ಸಿಕ್ಕಿತು.

ಸೈರನ್ ವಿಷಯವೂ ಹಾಗೆಯೇ. ಸರಿಯಾದ ಹೊತ್ತಿಗೆ ಕೂಗಿದರೆ ಅದು ಗಡಿಯಾರ, ಹೊತ್ತಲ್ಲದ ಹೊತ್ತಿಗೆ ಕೂಗಿದರೆ ಅಪಘಾತ. ಆಗ ಹೆಂಗಸರು ಮೈಮೇಲಿದ್ದ ಬಟ್ಟೆಯಲ್ಲೇ ಗಣಿಯ ಬಾಯಿಗೆ ಓಡುತ್ತಿದ್ದರು. ೧೯೧೩ರ ಅಕ್ಟೋಬರ್ ೧೪ರಂದು ಸೆಂಗೆನಿದ್ ಎಂಬ ಊರಿನ ಗಣಿಯಲ್ಲಿ ಸ್ಫೋಟವಾಗಿ ೪೩೯ ಮಂದಿ ಕಾರ್ಮಿಕರೂ, ಅವರನ್ನು ಉಳಿಸಲು ಹೋದ ಒಬ್ಬರೂ ಸತ್ತರು. ಅದೇ ಗಣಿಯಲ್ಲಿ ೧೯೦೧ರಲ್ಲಿಯೂ ಸ್ಫೋಟವಾಗಿ ೮೧ ಮಂದಿ ಸತ್ತಿದ್ದರು. ಎರಡನೆಯ ಸ್ಫೋಟದ ನಂತರ ನಿಯಮ ಮೀರಿದ್ದಕ್ಕಾಗಿ ಮ್ಯಾನೇಜರಿಗೆ ೨೪ ಪೌಂಡು, ಕಂಪೆನಿಗೆ ೧೦ ಪೌಂಡು ದಂಡ ಬಿತ್ತು. ಲೆಕ್ಕ ಹಾಕಿದರೆ ಒಂದು ಪ್ರಾಣಕ್ಕೆ ಎರಡು ಶಿಲಿಂಗೂ ಬೀಳಲಿಲ್ಲ.

ಇದಕ್ಕೂ ಹಿಂದೆ ಮಕ್ಕಳೇ ಗಣಿಗೆ ಇಳಿಯುತ್ತಿದ್ದರು. ಐದಾರು ವರ್ಷದ ಕೂಸುಗಳು ಕತ್ತಲಲ್ಲಿ ಕುಳಿತು, ಕಲ್ಲಿದ್ದಲ ಬಂಡಿ ಬಂದಾಗ ಗಾಳಿಯ ಬಾಗಿಲನ್ನು ಹಗ್ಗದಿಂದ ಎಳೆದು ತೆರೆಯಬೇಕು. ದಿನಕ್ಕೆ ಹನ್ನೆರಡು ಗಂಟೆ ಅಷ್ಟೇ ಕೆಲಸ. ೧೮೪೨ರಲ್ಲಿ ಒಂದು ರಾಜ ಆಯೋಗವು ಮಕ್ಕಳನ್ನೇ ಮಾತಾಡಿಸಿ, ಅವರ ಹೇಳಿಕೆಗಳನ್ನು ಚಿತ್ರ ಸಮೇತ ಅಚ್ಚು ಹಾಕಿಸಿತು. ದೇಶವೇ ತಲೆ ತಗ್ಗಿಸಿತು. ಅದೇ ವರ್ಷ ಹೆಂಗಸರನ್ನೂ, ಹೆಣ್ಣುಮಕ್ಕಳನ್ನೂ, ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ಕೆಲಸಕ್ಕೆ ಇಳಿಸಬಾರದೆಂದು ಕಾನೂನು ಬಂತು. ಮಕ್ಕಳು ಕಂಡದ್ದನ್ನು ಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಂಡದ್ದರಿಂದ ಇದು ಸಾಧ್ಯವಾಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಕಣಿವೆಯ ಜನರು ಅತ್ತುಕೊಂಡು ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಕೂಲಿಯಿಂದ ವಾರಕ್ಕೆ ಒಂದೆರಡು ಪೆನ್ನಿ ಹಿಡಿದು ಊರೂರಿಗೆ ವಾಚನಾಲಯ ಕಟ್ಟಿದರು. ದಕ್ಷಿಣ ವೇಲ್ಸಿನಲ್ಲಿ ಅಂಥ ನೂರಕ್ಕೂ ಹೆಚ್ಚು ಗಣಿ ಕಾರ್ಮಿಕರ ವಾಚನಾಲಯಗಳಿದ್ದವು. ಟ್ರೆಡೀಗರ್ ಎಂಬ ಊರಿನಲ್ಲಿ ಕಾರ್ಮಿಕರು ಸೇರಿ ವೈದ್ಯಕೀಯ ಸಹಾಯ ಸಂಘ ಮಾಡಿ, ತಮ್ಮ ಹಣದಿಂದಲೇ ಡಾಕ್ಟರನ್ನು ಇಟ್ಟುಕೊಂಡರು. ಆ ಊರಲ್ಲಿ ೧೮೯೭ರಲ್ಲಿ ಹುಟ್ಟಿದ ಅನೈರಿನ್ ಬೆವನ್ ಎಂಬ ಹುಡುಗ ೧೩ನೆಯ ವಯಸ್ಸಿಗೆ ಶಾಲೆ ಬಿಟ್ಟು ಗಣಿಗಿಳಿದ. ಮಾತಾಡಿದರೆ ತೊದಲು. ಅವನ ತಂದೆ ಕಲ್ಲಿದ್ದಲ ಧೂಳಿನ ರೋಗದಿಂದ ಸತ್ತ. ಆ ಹುಡುಗ ಕಾರ್ಮಿಕರ ವಾಚನಾಲಯದಲ್ಲಿ ಓದಿ, ಯೂನಿಯನ್ನಿನಲ್ಲಿ ಬೆಳೆದು, ಪಾರ್ಲಿಮೆಂಟಿಗೆ ಹೋಗಿ, ಆರೋಗ್ಯ ಮಂತ್ರಿಯಾದ. ೧೯೪೮ರ ಜುಲೈ ೫ರಿಂದ ಇಡೀ ಬ್ರಿಟನ್ನಿನ ಜನಕ್ಕೆ ಪುಕ್ಕಟೆ ವೈದ್ಯ ಸೇವೆ ಸಿಗುವಂತೆ ಮಾಡಿದವರು ಇವರೇ. ತನ್ನೂರಿನ ಸಂಘ ಮಾಡಿದ್ದನ್ನೇ ಇಡೀ ದೇಶಕ್ಕೆ ಮಾಡಿದರು. ಒಂದೆರಡು ಪೆನ್ನಿಯಿಂದ ಆದದ್ದು ಎಷ್ಟು ದೊಡ್ಡದು ನೋಡಿ.

ಇಷ್ಟೆಲ್ಲಾ ಆದ ಮೇಲೆ, ೧೯೪೭ರ ಜನವರಿ ೧ರಿಂದ ಗಣಿಗಳು ಸರಕಾರದವಾದವು. ಜನರ ಪರವಾಗಿ ನಡೆಸಲಾಗುತ್ತಿದೆ ಎಂದು ಗಣಿಯ ಬಾಗಿಲಲ್ಲಿ ಫಲಕ ಹಾಕಿದರು. ಇನ್ನು ಕಷ್ಟ ಕಳೆಯಿತು ಎಂದು ಜನ ನಂಬಿದರು. ಈಗ ಹೇಳಹೊರಟಿರುವುದು ಆ ನಂಬಿಕೆಗೆ ಏನಾಯಿತು ಎಂಬುದನ್ನು.

ಅಬರ್‌ವಾನ್ ಎಂಬುದು ಗುಡ್ಡದ ಬುಡದ ಗಣಿ ಊರು. ಮರ್ಥಿರ್ ವೇಲ್ ಗಣಿಯ ಕಸವನ್ನು ಊರಿನ ಮೇಲಿನ ಗುಡ್ಡದಲ್ಲಿ ಸುರಿದು ಏಳು ರಾಶಿಗಳಾಗಿದ್ದವು. ಏಳನೆಯ ರಾಶಿಯನ್ನು ೧೯೫೮ರಲ್ಲಿ ಶುರು ಮಾಡಿದರು. ಅದರ ಕೆಳಗೆ ಬುಗ್ಗೆಯ ನೀರು ಇತ್ತು. ನಕ್ಷೆಯಲ್ಲೂ ಅದು ಕಾಣುತ್ತಿತ್ತು. ಮಳೆ ಬಂದಾಗ ಕಪ್ಪು ಕೆಸರಿನ ನೀರು ಶಾಲೆಯ ಹತ್ತಿರ ನುಗ್ಗುತ್ತಿತ್ತು. ೧೯೬೩ರಲ್ಲಿ ಪುರಸಭೆಯ ಎಂಜಿನಿಯರು ಶಾಲೆಯ ಹಿಂದೆ ಸುರಿಯುತ್ತಿರುವ ಕೆಸರಿನಿಂದ ಅಪಾಯವಿದೆ ಎಂದು ಬರೆದರು. ತಾಯಂದಿರು ನೀರು ನುಗ್ಗುವುದರ ಬಗ್ಗೆ ಮನವಿ ಕೊಟ್ಟರು. ಪತ್ರ ಹೋಯಿತು, ಉತ್ತರ ಬಂತು, ರಾಶಿ ಮಾತ್ರ ಬೆಳೆಯುತ್ತಲೇ ಇತ್ತು.

೧೯೬೬ರ ಅಕ್ಟೋಬರ್ ೨೧, ಶುಕ್ರವಾರ. ಮಧ್ಯಾವಧಿ ರಜೆಗೆ ಮುಂಚಿನ ಕೊನೆಯ ದಿನ. ಬೆಳಿಗ್ಗೆ ೯ ಗಂಟೆ ಕಳೆದು ಕಾಲು ಗಂಟೆ ಆಗಿರಬಹುದು; ಮಕ್ಕಳು ಹಾಜರಿ ಹೇಳುತ್ತಿದ್ದರು. ಕೆಳಗೆ ಮಂಜು ಮುಸುಕಿತ್ತು. ಏಳನೆಯ ರಾಶಿ ನೀರಾಗಿ ಹರಿದು ಇಳಿದು ಪ್ಯಾಂಟ್‌ಗ್ಲಾಸ್ ಶಾಲೆಯನ್ನೂ ಸುತ್ತಲಿನ ಮನೆಗಳನ್ನೂ ಹೂತುಹಾಕಿತು. ಸತ್ತವರು ೧೪೪ ಮಂದಿ; ಅವರಲ್ಲಿ ೧೧೬ ಮಕ್ಕಳು. ಊಟದ ಹಣ ವಸೂಲಿ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಐದು ಮಕ್ಕಳ ಮೇಲೆ ತನ್ನ ಮೈ ಅಡ್ಡಹಾಕಿ ಅವರನ್ನು ಉಳಿಸಿ ತಾನು ಸತ್ತಳು. ಗಣಿಯಿಂದ ಮೇಲೆ ಬಂದ ತಂದೆಯರು ಕೈಯಿಂದಲೇ ಕೆಸರು ಬಗೆದರು. ೧೧ ಗಂಟೆಯ ನಂತರ ಯಾರೂ ಜೀವಸಹಿತ ಸಿಕ್ಕಲಿಲ್ಲ.

ಬದುಕಿ ಉಳಿದ ಮಕ್ಕಳು ದೊಡ್ಡವರಾದ ಮೇಲೆ ಹೇಳಿದ ಒಂದು ಸಂಗತಿ ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ಅವರು ಬಹಳ ಕಾಲ ಬೀದಿಯಲ್ಲಿ ಆಡಲಿಲ್ಲವಂತೆ. ಮಕ್ಕಳನ್ನು ಕಳೆದುಕೊಂಡ ಮನೆಯವರು ತಮ್ಮನ್ನು ನೋಡಿ ನೊಂದುಕೊಳ್ಳುತ್ತಾರೆ ಎಂದು. ಎಂಟು ಹತ್ತು ವರ್ಷದ ಮಕ್ಕಳು ತಾವು ಬದುಕಿದ್ದೇ ತಪ್ಪು ಎಂಬಂತೆ ಮನೆಯೊಳಗೆ ಕೂತರು. ಕಲ್ಲಿದ್ದಲ ಊರಿನ ಬಾಲ್ಯದ ನೆನಪು ಎಂದರೆ ಇದೂ ಹೌದು.

ವಿಚಾರಣಾ ಮಂಡಳಿ ೭೬ ದಿನ ಕುಳಿತು ಕೇಳಿತು. ೧೯೬೭ರ ಆಗಸ್ಟಿನಲ್ಲಿ ಬಂದ ವರದಿಯು ತಪ್ಪು ಕಲ್ಲಿದ್ದಲು ಮಂಡಳಿಯದೇ ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಒಬ್ಬ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ, ಒಬ್ಬನ ಕೆಲಸವೂ ಹೋಗಲಿಲ್ಲ. ಒಂದು ಮಗುವಿಗೆ ೫೦೦ ಪೌಂಡು ಪರಿಹಾರ ಎಂದರು. ಉಳಿದ ರಾಶಿಗಳನ್ನು ತೆಗೆಯಿರಿ ಎಂದು ಜನ ಬೇಡಿದಾಗ, ಲೋಕದ ಜನ ಕನಿಕರದಿಂದ ಕಳಿಸಿದ್ದ ನಿಧಿಯಿಂದಲೇ ೧,೫೦,೦೦೦ ಪೌಂಡು ಕಿತ್ತುಕೊಂಡರು. ಆ ಹಣವನ್ನು ಹಿಂದಿರುಗಿಸಿದ್ದು ೧೯೯೭ರಲ್ಲಿ, ಅದೂ ಬಡ್ಡಿ ಇಲ್ಲದೆ. ೨೦೦೭ರಲ್ಲಿ ವೇಲ್ಸ್ ಸರಕಾರ ಇನ್ನೂ ೨೦ ಲಕ್ಷ ಪೌಂಡು ಕೊಟ್ಟು ಸ್ವಲ್ಪಮಟ್ಟಿಗೆ ಸರಿಮಾಡಿತು. ಮರಣ ವಿಚಾರಣೆಯಲ್ಲಿ ಮಗುವಿನ ಸಾವಿಗೆ ಉಸಿರುಕಟ್ಟಿದ್ದು ಕಾರಣವೆಂದು ಓದಿದಾಗ ಒಬ್ಬ ತಂದೆ ಎದ್ದು ನಿಂತು, ಹಾಗಲ್ಲ, ಕಲ್ಲಿದ್ದಲು ಮಂಡಳಿ ಜೀವಂತ ಹೂತದ್ದೆಂದು ಬರೆಯಿರಿ ಎಂದು ಕೇಳಿದರು. ಆ ತಂದೆ ಕೇಳಿದ್ದು ದುಡ್ಡನ್ನಲ್ಲ, ಸರಿಯಾದ ಒಂದು ಮಾತನ್ನು.

ಈಗ ನಮ್ಮ ಕಡೆಗೆ ಬರೋಣ. ೨೦೧೯ರ ಆಗಸ್ಟ್ ೮ರಂದು ವಯನಾಡಿನ ಪುತ್ತುಮಲೆಯಲ್ಲಿ ಗುಡ್ಡ ಜರಿದು ೧೭ ಮಂದಿ ಹೋದರು. ೨೦೨೦ರ ಆಗಸ್ಟ್ ೬ರ ರಾತ್ರಿ ಮೂನಾರಿನ ಮೇಲಿನ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಲೈನುಗಳ ಮೇಲೆ ಗುಡ್ಡ ಬಿದ್ದು ೭೦ ಮಂದಿ ಹೋದರು. ಕರೆಂಟೂ ಫೋನೂ ಇಲ್ಲದೆ ಸುದ್ದಿ ಹೊರಗೆ ಬರಲು ಬೆಳಗಾಯಿತು. ೨೦೨೪ರ ಜುಲೈ ೩೦ರ ಬೆಳಗಿನ ಜಾವ ಪುತ್ತುಮಲೆಗೆ ಹತ್ತಿರದಲ್ಲೇ ಇರುವ ಮುಂಡಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ೨೫೦ಕ್ಕೂ ಹೆಚ್ಚು ಮಂದಿ, ಅವರಲ್ಲಿ ಪಾಡಿಗಳಲ್ಲಿ ಮಲಗಿದ್ದ ತೋಟದ ಕಾರ್ಮಿಕರೂ ಇದ್ದರು. ನಮ್ಮಲ್ಲಿ ಅನೇಕರ ನೆಂಟರು, ಕೂಡ ಕೆಲಸ ಮಾಡಿದವರು ಆ ಊರುಗಳಲ್ಲಿದ್ದರು.

ಅಬರ್‌ವಾನಿನ ರಾಶಿ ಮನುಷ್ಯ ಸುರಿದದ್ದು; ನಮ್ಮ ಗುಡ್ಡಗಳು ದೇವರು ಇಟ್ಟದ್ದು; ಆದ್ದರಿಂದ ಎರಡೂ ಒಂದಲ್ಲ ಎಂದು ಕೆಲವರು ಹೇಳುತ್ತಾರೆ. ಮಾತು ನಿಜ. ಮಳೆಯನ್ನು ಯಾರೂ ತಡೆಯಲಾರರು. ಆದರೆ ಲೈನನ್ನು ಎಲ್ಲಿ ಕಟ್ಟಬೇಕೆಂದು ತೀರ್ಮಾನ ಮಾಡಿದವರು ಯಾರು? ಬಂಗಲೆಗೆ ಸಮತಟ್ಟಾದ ಜಾಗ, ಫ್ಯಾಕ್ಟರಿಗೆ ಗಟ್ಟಿಯಾದ ಜಾಗ, ಕಾರ್ಮಿಕರಿಗೆ ಚಹಾ ನೆಡಲು ಬಾರದ ಹಳ್ಳದ ಪಕ್ಕ, ಗುಡ್ಡದ ಬುಡ. ಅನೇಕ ತೋಟಗಳಲ್ಲಿ ನಾವು ಕಣ್ಣಾರೆ ಕಂಡದ್ದು ಇದನ್ನೇ. ಅದು ದೇವರ ತೀರ್ಮಾನವಲ್ಲ.

ಸಿಲೋವದಲ್ಲಿ ಬುರುಜು ಬಿದ್ದು ೧೮ ಮಂದಿ ಸತ್ತ ವಿಷಯ ಲೂಕನ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿದೆ. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಪ್ರಭು ಕೇಳಿ, ಅಲ್ಲ ಎಂದು ತಾವೇ ಉತ್ತರ ಕೊಟ್ಟರು. ಸತ್ತವರ ಹಣೆಬರಹ ಎಂದು ಹೇಳಿ ಕೈ ತೊಳೆದುಕೊಳ್ಳುವವರಿಗೆ ಇದು ಸಾಕು. ಪ್ರಾರ್ಥನೆ ಮಾಡೋಣ; ಆದರೆ ಲೈನಿನ ಹಿಂದಿನ ಚರಂಡಿಯನ್ನೂ ನೋಡೋಣ.

೧೯೫೧ರ ತೋಟ ಕಾರ್ಮಿಕರ ಕಾನೂನು ಮನೆ, ಆಸ್ಪತ್ರೆ, ಶಿಶುಗೃಹ ಕೊಡುವುದು ಮಾಲೀಕರ ಹೊಣೆ ಎಂದು ಬರೆಯಿತು. ಕಾನೂನುಗಳ ಹೆಸರು ಬದಲಾಗಬಹುದು. ತಲೆಯ ಮೇಲಿನ ಸೂರು ಭದ್ರವಾಗಿರಬೇಕೆಂಬ ನ್ಯಾಯ ಬದಲಾಗುವುದಿಲ್ಲ. ನಾಲ್ಕು ಗೋಡೆ ಕಟ್ಟಿ ಸುಣ್ಣ ಹೊಡೆದರೆ ಮನೆ ಕೊಟ್ಟಂತೆ ಆಗಲಿಲ್ಲ. ಮಳೆಗಾಲದ ರಾತ್ರಿ ಮಗುವನ್ನು ಮಲಗಿಸಿ ತಾಯಿ ಕಣ್ಣು ಮುಚ್ಚಬಹುದಾದ ಜಾಗದಲ್ಲಿ ಇದ್ದರೆ ಮಾತ್ರ ಅದು ಮನೆ.

ಬಾಯಿಬಿಟ್ಟರೆ ದೊರೆಗಳಿಗೆ ಕೋಪ ಬರುತ್ತದೆ, ಇರುವ ಮನೆಯೂ ಹೋಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿದೆ. ಈ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೆಲಸ ಹೋದರೆ ಮನೆಯೂ ಹೋಗುವ ಏರ್ಪಾಟಿನಲ್ಲಿ ಹುಟ್ಟಿದವರಿಗೆ ಅದು ಸಹಜ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಅಪ್ಪ, ಗ್ರಾಚ್ಯುಟಿ ಬರಲಿ, ಆಮೇಲೆ ನೋಡೋಣ ಎಂದು ಮಗನ ಬಾಯಿ ಮುಚ್ಚಿಸುತ್ತಾನೆ. ಆದರೆ ಒಬ್ಬನೇ ಹೇಳಿದರೆ ದೂರು, ಲೈನಿನವರೆಲ್ಲಾ ಸೇರಿ ಬರೆದರೆ ಮನವಿ. ಗುಡ್ಡ ಬೀಳುವಾಗ ಅದು ನಮ್ಮ ಯೂನಿಯನ್ನು, ನಿಮ್ಮ ಯೂನಿಯನ್ನು, ಇಗರ್ಜಿಗೆ ಹೋಗುವವರು, ಕೋವಿಲಿಗೆ ಹೋಗುವವರು, ಪಳ್ಳಿಗೆ ಹೋಗುವವರು ಎಂದು ನೋಡುವುದಿಲ್ಲ. ಆದ್ದರಿಂದ ಮನವಿಗೂ ಎಲ್ಲರ ರುಜು ಬೇಕು.

ನಮ್ಮ ಅಭಿಪ್ರಾಯದಲ್ಲಿ ಪ್ರತಿ ಲೈನಿನಲ್ಲಿ ಈ ಕೆಲಸಗಳು ಆಗತಕ್ಕದ್ದು.

ಮೊದಲನೆಯದಾಗಿ, ಮಕ್ಕಳ ಮಾತನ್ನು ಕೇಳಬೇಕು. ನಾವು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತೇವೆ. ಲೈನಿನ ಹಿಂದಿನ ಗುಡ್ಡದಲ್ಲಿ ಇಡೀ ದಿನ ಸೌದೆ ಆರಿಸುತ್ತಾ, ಸೀಬೆಕಾಯಿ ಕೀಳುತ್ತಾ ಓಡಾಡುವವರು ಅವರು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಊಟೆ ಇದ್ದಕ್ಕಿದ್ದಂತೆ ಕೆಸರಾಗುವುದು ಅಥವಾ ನಿಂತುಹೋಗುವುದು, ನಿನ್ನೆ ತನಕ ಮುಚ್ಚುತ್ತಿದ್ದ ಬಾಗಿಲು ಇಂದು ಸಿಕ್ಕಿಕೊಳ್ಳುವುದು ಇವೆಲ್ಲಾ ಗುಡ್ಡ ಸರಿಯುವ ಗುರುತುಗಳು. ಮಗು ಬಂದು ಹೇಳಿದರೆ ಗದರಿಸಬೇಡಿ. ಹೋಗಿ ನೋಡಿ.

ಎರಡನೆಯದಾಗಿ, ಮಳೆಯನ್ನು ಅಳೆಯಬೇಕು. ಮುಂಡಕೈ ದುರಂತದ ಹಿಂದಿನ ದಿನ, ಜಿಲ್ಲೆಯ ಅನೇಕ ಕಡೆ ಜನರಿಂದಲೇ ಮಳೆ ಅಳೆಸುವ ಕಲ್ಪೆಟ್ಟದ ಹ್ಯೂಮ್ ಕೇಂದ್ರವು ಅಪಾಯವಿದೆ ಎಂದು ಎಚ್ಚರಿಸಿತ್ತು. ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಡ. ಮೇಲೆ ಕೆಳಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಲ್ಲಿಟ್ಟು, ಬೆಳಿಗ್ಗೆ ಅದೇ ಹೊತ್ತಿಗೆ ಶಾಲೆಯ ಸ್ಕೇಲಿನಿಂದ ಎಷ್ಟು ಮಿಲಿಮೀಟರು ನೀರು ನಿಂತಿದೆ ಎಂದು ನೋಡಿ ಬರೆದಿಟ್ಟರೆ ಆಯಿತು. ಏಳನೆಯ ತರಗತಿಯ ಹುಡುಗಿ ಮಾಡಬಹುದಾದ ಕೆಲಸ.

ಮೂರನೆಯದಾಗಿ, ಬಾಯಿಮಾತು ಬಿಟ್ಟು ಬರೆದು ಕೊಡಬೇಕು. ಮೇಸ್ತ್ರಿಗೆ ಹೇಳಿದೆವು, ರೈಟರಿಗೆ ಹೇಳಿದೆವು ಎಂದರೆ ನಾಳೆ ಯಾರೂ ಒಪ್ಪುವುದಿಲ್ಲ. ತಾರೀಕು ಹಾಕಿ ಎರಡು ಪ್ರತಿ ಬರೆದು, ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಲೈನಿನಲ್ಲೇ ಭದ್ರವಾಗಿಡಿ. ಪಂಚಾಯತಿಗೂ ಕಂದಾಯ ಕಚೇರಿಗೂ ಒಂದೊಂದು ಪ್ರತಿ ಹೋಗಲಿ. ಅಬರ್‌ವಾನಿನಲ್ಲಿ ಪತ್ರಗಳು ಮಕ್ಕಳನ್ನು ಉಳಿಸಲಿಲ್ಲ ನಿಜ. ಆದರೆ ಆ ಪತ್ರಗಳು ಇದ್ದುದರಿಂದಲೇ ಮಂಡಳಿಗೆ ತನಗೆ ತಿಳಿದಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ಆಗಲಿಲ್ಲ. ೧೯೬೯ರಲ್ಲಿ ಗಣಿ ರಾಶಿಗಳ ಬಗ್ಗೆ ಹೊಸ ಕಾನೂನೂ ಬಂತು.

ನಾಲ್ಕನೆಯದಾಗಿ, ಜೋರು ಮಳೆಯ ರಾತ್ರಿ ಎಲ್ಲಿಗೆ ಹೋಗಬೇಕು, ಬೀಗದ ಕೈ ಯಾರ ಬಳಿ ಇದೆ, ಮುದುಕರನ್ನೂ ಬಾಣಂತಿಯರನ್ನೂ ಯಾರು ಎತ್ತಿಕೊಳ್ಳಬೇಕು ಎಂಬುದನ್ನು ಮೇ ತಿಂಗಳಲ್ಲೇ ತೀರ್ಮಾನಿಸಬೇಕು. ದೇವಾಲಯದ ಹಾಲ್ ಸುರಕ್ಷಿತ ಜಾಗದಲ್ಲಿದ್ದರೆ ಅದರ ಬಾಗಿಲು ಆ ರಾತ್ರಿ ಎಲ್ಲ ಜಾತಿಮತದವರಿಗೂ ತೆರೆದಿರಲಿ ಎಂದು ಗುರುಗಳನ್ನೂ ಪಾಲನಾ ಸಮಿತಿಯನ್ನೂ ಕೇಳಿಕೊಳ್ಳುತ್ತೇವೆ.

ಸೇರಿದ ಕಾರ್ಮಿಕರ ಕೈಯಲ್ಲಿ ಏನಾದೀತು ಎಂದು ಸಂಶಯಪಡುವವರಿಗೆ ವೇಲ್ಸಿನ ಇನ್ನೊಂದು ಸಂಗತಿ ಹೇಳುತ್ತೇವೆ. ಟವರ್ ಎಂಬ ಗಣಿಯನ್ನು ಲಾಭವಿಲ್ಲವೆಂದು ೧೯೯೪ರಲ್ಲಿ ಮುಚ್ಚಿದರು. ೨೩೯ ಮಂದಿ ಕಾರ್ಮಿಕರು ತಮಗೆ ಬಂದ ಪರಿಹಾರದ ಹಣದಲ್ಲಿ ತಲಾ ೮,೦೦೦ ಪೌಂಡು ಹಾಕಿ ಗಣಿಯನ್ನು ಕೊಂಡು, ೧೯೯೫ರ ಜನವರಿಯಲ್ಲಿ ಮತ್ತೆ ತೆರೆದು, ಕಲ್ಲಿದ್ದಲು ಮುಗಿಯುವ ತನಕ ೨೦೦೮ರ ವರೆಗೆ ತಾವೇ ನಡೆಸಿದರು. ಅವರು ಆಕಾಶದಿಂದ ಇಳಿದವರಲ್ಲ. ಲೈನು ಮನೆಗಳಲ್ಲಿ ಬೆಳೆದವರೇ.

ಕಲ್ಲಿದ್ದಲ ಕಣಿವೆಯ ವೃದ್ಧರು ಬಾಲ್ಯವನ್ನು ನೆನೆಯುವಾಗ ಹಾಡನ್ನೂ ಹೇಳುತ್ತಾರೆ, ಸೈರನನ್ನೂ ಹೇಳುತ್ತಾರೆ. ನಾವೂ ಎರಡನ್ನೂ ಹೇಳುವುದು ಕಲಿಯಬೇಕು. ನಮ್ಮ ಹಿರಿಯರು ಹೊಟ್ಟೆಪಾಡಿಗೆ ಮೈಸೂರು ಸೀಮೆಯಿಂದ ಘಟ್ಟ ಹತ್ತಿ ಬಂದ ಮೊದಲ ದಿನಗಳನ್ನೂ, ಅಟ್ಟೆ ಕಚ್ಚಿದ ಕಾಲನ್ನೂ, ಜರಿದ ಗುಡ್ಡವನ್ನೂ, ಕೊಟ್ಟು ಉತ್ತರ ಬಾರದ ಮನವಿಯನ್ನೂ ಮಕ್ಕಳಿಗೆ ಹೇಳಿರಿ. ಮುಂದಿನ ಕೂಟಕ್ಕೆ ಬರುವಾಗ ಪ್ರತಿ ಲೈನಿನಿಂದ ಒಬ್ಬರು, ಲೈನಿನ ಮೇಲಿನ ಗುಡ್ಡ ಹೇಗಿದೆ, ಚರಂಡಿ ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿರಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಮಳೆಗೆ ಮುಂಚೆ ಬನ್ನಿರಿ.